ಸೂಜಿ ಬದಲಿಸಿಕೊಟ್ಟವರ ಚರಿತ್ರೆ

ಬಳಸಿದ ಸೂಜಿ ಪಡೆದು ಹೊಸದನ್ನು ಕೊಡುವ ಪದ್ಧತಿ ಯಾವ ಸರ್ಕಾರದ ತಲೆಯಲ್ಲೂ ಹುಟ್ಟಿದ್ದಲ್ಲ. 1984ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಔಷಧದಂಗಡಿಯೊಂದು ಸಿರಿಂಜು ಮಾರುವುದನ್ನು ನಿಲ್ಲಿಸಿತು. ಹೆಪಟೈಟಿಸ್ ಬಿ ಹರಡೀತೆಂಬ ಭಯದಿಂದ ಮಾದಕ ವ್ಯಸನಿಗಳ ಸಂಘವೇ ಸೂಜಿ ಬದಲಿಸಿಕೊಡುವ ಕೆಲಸಕ್ಕೆ ಕೈಹಾಕಿತು. ಅದೇ ಕಾಲಕ್ಕೆ ಎಡಿನ್‌ಬರೋದಲ್ಲಿ ಪೊಲೀಸರು ಸಿರಿಂಜು ಕಿತ್ತುಕೊಂಡರು, ಅಂಗಡಿಗಳು ಮಾರಾಟ ಬಿಟ್ಟವು. ಹುಡುಗರು ಮಾತ್ರ ಚುಚ್ಚಿಕೊಳ್ಳುವುದನ್ನು ಬಿಡಲಿಲ್ಲ, ಒಂದೇ ಸೂಜಿ ಹಲವರ ಕೈದಾಟಿತು. ರಕ್ತನಾಳ ಸಿಕ್ಕಿತೇ ಎಂದು ನೋಡಲು ಸಿರಿಂಜನ್ನು ಹಿಂದಕ್ಕೆಳೆದಾಗ ರಕ್ತ ಒಳಬರುತ್ತದೆ. ಮದ್ದು ಹೋದ ಮೇಲೂ ಸೂಜಿಯ ಬುಡದಲ್ಲಿ ಒಂದಿಷ್ಟು ಉಳಿಯುತ್ತದೆ. ಬರೀ ನೀರಲ್ಲಿ ಜಾಲಾಡಿದರೆ ಸಾಲದು. ಎಡಿನ್‌ಬರೋದ ಒಂದು ಚಿಕಿತ್ಸಾಲಯದಲ್ಲಿ ಪರೀಕ್ಷಿಸಿದ 164 ವ್ಯಸನಿಗಳಲ್ಲಿ ಶೇ. 51 ಮಂದಿಗೆ ಎಚ್‌ಐವಿ ಸೋಂಕಿದೆಯೆಂದು 1986ರಲ್ಲಿ ವರದಿಯಾಯಿತು. ನಮ್ಮ ಮಣಿಪುರದಲ್ಲೂ 1989ರವರೆಗೆ ಕಾಣದಿದ್ದ ಸೋಂಕು ಮರುವರ್ಷ ಪರೀಕ್ಷಿಸಿದ ವ್ಯಸನಿಗಳಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿತ್ತು. ಇಷ್ಟು ವೇಗವಾಗಿ ಹರಡಲು ಮುಖ್ಯ ಕಾರಣ ಶುದ್ಧ ಸೂಜಿಯ ಅಭಾವ ಎಂಬುದೇ ನನ್ನ ವಾದ.

ಸೂಜಿ ಕೊಟ್ಟರೆ ಚಟಕ್ಕೆ ಕುಮ್ಮಕ್ಕು ಕೊಟ್ಟಂತೆ ಎಂಬುದು ದೊಡ್ಡ ಆಕ್ಷೇಪ. ಮಗ ಹಾಳಾಗುವುದನ್ನು ಕಂಡ ತಾಯಿ ಹಾಗೆನ್ನುವುದು ಸಹಜ, ಅದನ್ನು ಹಗುರವಾಗಿ ಕಾಣಲಾರೆ. ಆದರೆ ಸೂಜಿ ಇಲ್ಲದ ಎಡಿನ್‌ಬರೋದಲ್ಲಿ ಚಟ ನಿಲ್ಲಲಿಲ್ಲ, ರೋಗ ಬಂತು. ಸೂಜಿ ಬದಲಿಸಲು ಬರುವವನನ್ನು ರಕ್ತಪರೀಕ್ಷೆಗೆ, ಮಾದಕದ ಬದಲಿಗೆ ಕೊಡುವ ಬ್ಯುಪ್ರೆನಾರ್ಫಿನ್ ಎಂಬ ಮದ್ದಿನ ಚಿಕಿತ್ಸೆಗೆ ಕರೆದೊಯ್ಯಬಹುದು. ಬಚ್ಚಿಟ್ಟುಕೊಂಡವನು ಯಾರ ಕೈಗೂ ಸಿಗುವುದಿಲ್ಲ. ನಮ್ಮ ಸಂಸತ್ತೂ ಸೂಜಿ ಕೊಡುವುದನ್ನು ಒಪ್ಪಿದೆ. 2017ರ ಎಚ್‌ಐವಿ-ಏಡ್ಸ್ ಕಾಯ್ದೆಯ 22ನೇ ಕಲಮು ಶುದ್ಧ ಸೂಜಿ ಒದಗಿಸುವ ಕೆಲಸಕ್ಕೆ ಕಾನೂನಿನ ರಕ್ಷಣೆ ಕೊಟ್ಟಿತು. 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಯಲ್ಲಿದೆ.

ಹೊಗೆಸೊಪ್ಪು ಬೆಳೆಯುವ ಪಿರಿಯಾಪಟ್ಟಣ, ಹುಣಸೂರು ಸೀಮೆಗೆ ಈ ಮಾತೇಕೆ ಎನ್ನಬಹುದು. ಕರ್ನಾಟಕದಲ್ಲಿ ಎಚ್‌ಐವಿ ಹರಡಿದ್ದು ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ, ನಿಜ. ಆದರೆ ದೂರವಿಡದೆ ಜೊತೆಗೂಡಿಸಿಕೊಳ್ಳುವ ಇದೇ ದಾರಿ ನಮ್ಮ ಜಿಲ್ಲಾ ಕೇಂದ್ರದಲ್ಲೇ ಪರೀಕ್ಷೆಗೊಳಗಾಗಿದೆ. 2004ರಲ್ಲಿ ಮೈಸೂರಿನ ಲೈಂಗಿಕ ಕಾರ್ಯಕರ್ತೆಯರ ನಡುವೆ ಶುರುವಾದ ಕೆಲಸವನ್ನು ಮುಂದೆ ಅವರದೇ ಸಂಘಟನೆ ಅಶೋದಯ ಸಮಿತಿ ನಡೆಸಿತು. ಎರಡೂವರೆ ವರ್ಷದಲ್ಲಿ ಅವರಲ್ಲಿ ಸಿಫಿಲಿಸ್ ಶೇ. 25ರಿಂದ 12ಕ್ಕೆ ಇಳಿಯಿತು. ಎಚ್‌ಐವಿ ಪ್ರಮಾಣ ಆ ಅವಧಿಯಲ್ಲಿ ಹೆಚ್ಚೇನೂ ಬದಲಾಗಲಿಲ್ಲ, ಆದರೆ ಏರಲೂ ಇಲ್ಲ. ಪೊಲೀಸ್ ದಾಳಿಯಿಂದ ಇಷ್ಟು ಸಾಧಿಸಿದ ಉದಾಹರಣೆ ನಾನು ಕಂಡಿಲ್ಲ.

ನಮ್ಮ ಸೀಮೆಯ ರಾವಂದೂರಿನ ಯಾವುದೇ ಮನೆಯಲ್ಲಿ ಹುಡುಗನೊಬ್ಬ ಚುಚ್ಚಿಕೊಳ್ಳುತ್ತಿದ್ದಾನೆಂಬ ಅನುಮಾನ ಬಂದರೆ ಅವನನ್ನು ಹೊರಗಟ್ಟಬೇಡಿ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಎಂಬ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಫಲಿತಾಂಶವನ್ನು ಗುಟ್ಟಾಗಿಡುತ್ತಾರೆ. ಎಚ್‌ಐವಿ ಸಹಾಯವಾಣಿ ಸಂಖ್ಯೆ 1097.