ಒನಕೆಯಿಂದ ಕಾಗೆಕೊಕ್ಕಿನವರೆಗೆ: ಜಾರಿದ ಭುಜದ ಚರಿತ್ರೆ

ಭುಜ ಜಾರಿತು, ಕೀಲು ತಪ್ಪಿತು, ಕೈ ಕಳಚಿಕೊಂಡಿತು... ಊರಿಗೊಂದು ಮಾತು. ಎಲ್ಲದರ ಅರ್ಥ ಒಂದೇ. ತೋಳಿನ ಮೂಳೆಯ ಉರುಟು ತಲೆ ತನ್ನ ಬಟ್ಟಲು ಬಿಟ್ಟು ಹೊರಗೆ ಬಂದಿದೆ. ಕೂರಿಸಿದರೆ ಕೂರುತ್ತದೆ. ಆದರೆ ಒಮ್ಮೆ ಜಾರಿದ ಭುಜ ಮತ್ತೆ ಮತ್ತೆ ಜಾರುವ ಚಟ ಹಚ್ಚಿಕೊಳ್ಳುತ್ತದಲ್ಲ, ಅದಕ್ಕೇನು ಮಾಡುವುದು? ವೈದ್ಯರು ಈ ಪ್ರಶ್ನೆಯ ಜೊತೆ ಸುಮಾರು 2400 ವರ್ಷಗಳಿಂದ ಗುದ್ದಾಡುತ್ತಿದ್ದಾರೆ. ಆ ಗುದ್ದಾಟದ ಕಥೆಯನ್ನು ಇವತ್ತು ಸ್ವಲ್ಪ ಹೇಳೋಣ ಅಂತ.

ಮೊದಲು ವಿನ್ಯಾಸ ನೋಡಿ. ಸೊಂಟದ ಕೀಲು ರುಬ್ಬುವ ಒರಳಿನಲ್ಲಿ ಗುಂಡು ಕೂತ ಹಾಗೆ, ಆಳವಾಗಿ ಭದ್ರವಾಗಿ ಕೂತಿರುತ್ತದೆ. ಭುಜದ ಕೀಲು ಹಾಗಲ್ಲ, ಸಾಸರಿನ ಮೇಲೆ ನಿಂಬೆಹಣ್ಣು ಇಟ್ಟ ಹಾಗೆ. ಬಟ್ಟಲು ಆಳವಿಲ್ಲ, ಅಂಚಿನಲ್ಲಿ ಲೇಬ್ರಮ್ ಎಂಬ ಮೆತ್ತನೆಯ ಉಂಗುರ, ಸುತ್ತ ಒಂದು ಚೀಲ, ಅದರ ಮೇಲೆ ಸ್ನಾಯುಗಳ ಹಿಡಿತ. ಇಷ್ಟರಿಂದಲೇ ನಿಂಬೆಹಣ್ಣು ನಿಂತಿರಬೇಕು! ಬೆನ್ನು ಕೆರೆದುಕೊಳ್ಳಲು, ಮರ ಹತ್ತಲು, ಬೌಲಿಂಗ್ ಮಾಡಲು ಬೇಕಾದ ಸ್ವಾತಂತ್ರ್ಯಕ್ಕೆ ನಾವು ತೆತ್ತ ಬೆಲೆ ಇದು. ಚಲನೆ ಬೇಕಾದರೆ ಭದ್ರತೆ ಕಡಿಮೆ, ಭದ್ರತೆ ಬೇಕಾದರೆ ಚಲನೆ ಕಡಿಮೆ. ಮುಂದಿನ ಕಥೆಯೆಲ್ಲ ಈ ಒಂದು ಸಾಲಿನ ವಿಸ್ತರಣೆ ಅಷ್ಟೇ.

ಹಿಪೊಕ್ರೇಟಿಸನ ಹೆಸರಿನಲ್ಲಿರುವ ಕೀಲುಗಳ ಕುರಿತ ಗ್ರಂಥ ಶುರುವಾಗುವುದೇ ಭುಜದಿಂದ. ಕೂರಿಸುವ ವಿಧಾನಗಳ ಒಂದು ಪಟ್ಟಿಯೇ ಅಲ್ಲಿದೆ. ಮಲಗಿಸಿ ಕಂಕುಳಿಗೆ ಹಿಮ್ಮಡಿ ಕೊಟ್ಟು ಕೈ ಎಳೆಯುವುದು, ಗರಡಿಯಲ್ಲಿ ಮಾಡುವಂತೆ ಗಟ್ಟಿಗನೊಬ್ಬ ತನ್ನ ಹೆಗಲನ್ನು ರೋಗಿಯ ಕಂಕುಳಿಗೆ ಕೊಟ್ಟು ಎತ್ತುವುದು, ಏಣಿಯ ಮೆಟ್ಟಿಲ ಮೇಲೆ ತೋಳು ಹಾಯಿಸಿ ಜಗ್ಗುವುದು. ಜೊತೆಗೆ ಇನ್ನೊಂದು: ಒನಕೆಗೆ ಮೆತ್ತಗಿನ ಬಟ್ಟೆ ಸುತ್ತಿ ಕಂಕುಳಲ್ಲಿ ಇಟ್ಟು ಕೂರಿಸುವುದು.

ಇದನ್ನು ಓದಿದ ಮೇಲೆ ನಮ್ಮ ಸುಶ್ರುತ ಸಂಹಿತೆ ನೋಡಿದರೆ ಆಶ್ಚರ್ಯವಾಗುತ್ತದೆ. ಸುಶ್ರುತ ಕೀಲು ತಪ್ಪುವುದನ್ನು ಆರು ಬಗೆಯಾಗಿ ವಿಂಗಡಿಸುತ್ತಾನೆ. ಚಿಕಿತ್ಸಾಸ್ಥಾನದ ಮೂರನೇ ಅಧ್ಯಾಯದಲ್ಲಿ ಹೆಗಲಿನ ಕೀಲು ತಪ್ಪಿದರೆ ಏನು ಮಾಡಬೇಕು ಅಂತ ಬರುತ್ತದೆ. ಮುಸಲದಿಂದ, ಅಂದರೆ ಒನಕೆಯಿಂದ, ಕಂಕುಳನ್ನು ಮೇಲಕ್ಕೆ ಎತ್ತು, ಜಾಗಕ್ಕೆ ಕೂತ ಮೇಲೆ ಸ್ವಸ್ತಿಕದ ಆಕಾರದಲ್ಲಿ ಅಡ್ಡಡ್ಡ ಪಟ್ಟಿ ಕಟ್ಟು. ಗ್ರೀಸಿನ ಮನೆಯಲ್ಲೂ ಒನಕೆ, ನಮ್ಮ ಮನೆಯಲ್ಲೂ ಒನಕೆ. ಸನ್ನೆಯ ಲೆಕ್ಕ ಎರಡೂ ಕಡೆ ಒಂದೇ :)

ಆದರೆ ಕೂರಿಸಿದ್ದು ಮತ್ತೆ ಜಾರಿದರೆ? ಇದಕ್ಕೆ ಗ್ರೀಕರ ಉತ್ತರ ಕೆಂಪಗೆ ಕಾದ ಕಬ್ಬಿಣ. ಕಂಕುಳ ಚರ್ಮವನ್ನು ಬೆರಳಲ್ಲಿ ಎತ್ತಿ ಹಿಡಿದು, ತೆಳ್ಳಗಿನ ಕಾದ ಸಲಾಕೆ ಹಾಯಿಸಿ, ಆಮೇಲೆ ತೋಳನ್ನು ಹಗಲೂ ರಾತ್ರಿ ಪಕ್ಕೆಗೆ ಕಟ್ಟಿಡಬೇಕು. ಗಾಯ ಮಾಯ್ದು ಬಿಗಿದುಕೊಂಡಾಗ, ಮೂಳೆ ಜಾರುವ ಜಾಗವೇ ಮುಚ್ಚಿಹೋಗುತ್ತದೆ ಎಂಬ ತರ್ಕ. ಕೇಳಿದರೆ ಮೈ ಜುಂ ಅನ್ನುತ್ತದೆ, ನಿಜ. ಆದರೆ ಗ್ರಂಥಕಾರನ ಜಗಳ ಗಮನಿಸಿ. ಬೇರೆ ವೈದ್ಯರು ಭುಜದ ಮೇಲೆ, ಮುಂದೆ, ಹಿಂದೆ ಸುಡುತ್ತಾರೆ, ಅದರಿಂದ ಮೂಳೆ ಇನ್ನಷ್ಟು ಜಾರುತ್ತದೆ, ಅದು ಎಲ್ಲಿಗೆ ಜಾರುತ್ತದೋ ಅಲ್ಲಿ ಬಾಗಿಲು ಹಾಕಬೇಕು ಅನ್ನುತ್ತಾನೆ. ಆಳಕ್ಕೆ ಹೋಗಬೇಡಿ, ಮುಖ್ಯವಾದ ನರಗಳಿವೆ ಅಂತಲೂ ಎಚ್ಚರಿಸುತ್ತಾನೆ. ದೋಷ ಎಲ್ಲಿದೆ ಅಂತ ಮೊದಲು ಹುಡುಕು, ಆಮೇಲೆ ಕೈ ಹಾಕು. ನಮ್ಮಂಥ ಕೋಡ್ ಬರೆಯುವವರಿಗೂ ಇದು ಗೊತ್ತಿರುವ ಮಾತೇ.

ಅಲ್ಲಿಂದ 19ನೇ ಶತಮಾನಕ್ಕೆ ಹಾರೋಣ. 1870ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೋಡರ್ ಕೋಚರ್, ಎಳೆದಾಟವೇ ಇಲ್ಲದ ವಿಧಾನ ಪ್ರಕಟಿಸಿದರು. ಮೊಣಕೈ ಮಡಿಸಿ ಮೈಗೆ ಒತ್ತಿ, ಮುಂಗೈಯನ್ನು ನಿಧಾನವಾಗಿ ಹೊರಕ್ಕೆ ತಿರುಗಿಸಿ, ತೋಳನ್ನು ಮುಂದಕ್ಕೆ ಎತ್ತಿ, ಆಮೇಲೆ ಒಳಕ್ಕೆ ತಿರುಗಿಸುವುದು. ಇದೇ ಕೋಚರ್ ಮುಂದೆ ಥೈರಾಯ್ಡ್ ಕೆಲಸಕ್ಕೆ 1909ರಲ್ಲಿ ನೊಬೆಲ್ ಪಡೆದರು. (ಓದಿದ್ದನ್ನು ಮನೆಯಲ್ಲಿ ಪ್ರಯೋಗಿಸಬೇಡಿ ಮತ್ತೆ! ಜೊತೆಗೆ ಮೂಳೆ ಮುರಿದಿದೆಯೇ ಅಂತ ಎಕ್ಸ್-ರೇ ನೋಡದೆ, ನರಕ್ಕೆ ಪೆಟ್ಟಾಗಿದೆಯೇ ಅಂತ ಪರೀಕ್ಷಿಸದೆ ತಿರುಚಿದರೆ ಇದ್ದದ್ದೂ ಹೋಗುತ್ತದೆ.)

1846ರಲ್ಲಿ ಈಥರ್ ಅರಿವಳಿಕೆ, 1867ರಲ್ಲಿ ಲಿಸ್ಟರರ ಕಾರ್ಬಾಲಿಕ್ ಆಮ್ಲ, 1895ರಲ್ಲಿ ಎಕ್ಸ್-ರೇ. ಈ ಮೂರೂ ಸೇರಿದ ಮೇಲೆ ಭುಜ ತೆರೆದು ನೋಡುವ ಧೈರ್ಯ ಬಂತು. 1890ರಲ್ಲೇ ಫ್ರಾನ್ಸಿನ ಬ್ರೋಕಾ ಮತ್ತು ಹಾರ್ಟ್‌ಮನ್ ಎಂಬಿಬ್ಬರು ಜಾರಿದ ಭುಜಗಳ ಒಳಗಿನ ಹಾನಿಯನ್ನು ವಿವರಿಸಿದ್ದರು. 1906ರಲ್ಲಿ ಜರ್ಮನಿಯ ಪೆರ್ಥೆಸ್, ಬಟ್ಟಲಿನ ಅಂಚಿನಿಂದ ಕಿತ್ತುಬಂದದ್ದನ್ನು ವಾಪಸ್ ಹೊಲಿಯುವ ಶಸ್ತ್ರಚಿಕಿತ್ಸೆ ಬರೆದರು. ಆದರೆ ಹೆಸರು ಉಳಿದದ್ದು ಲಂಡನ್ನಿನ ಬ್ಲಂಡೆಲ್ ಬ್ಯಾಂಕಾರ್ಟ್ ಅವರದು. 1923ರಲ್ಲಿ ಮತ್ತು ವಿವರವಾಗಿ 1938ರಲ್ಲಿ ಅವರು ಹೇಳಿದ್ದು ಇಷ್ಟು: ಭುಜ ಪದೇಪದೇ ಜಾರಲು ಮೂಲ ಕಾರಣ ಬಟ್ಟಲಿನ ಮುಂಭಾಗದಲ್ಲಿ ಲೇಬ್ರಮ್ ಕಿತ್ತುಬಂದಿರುವುದು, ಅದನ್ನು ಮೂಳೆಗೆ ಮತ್ತೆ ಹೊಲಿದರೆ ಆಯಿತು. 1938ರ ಲೇಖನದ 27 ರೋಗಿಗಳಲ್ಲಿ ಒಬ್ಬರಿಗೂ ಮತ್ತೆ ಜಾರಲಿಲ್ಲ ಅಂತ ಅವರ ವರದಿ. ಇವತ್ತಿಗೂ ಆ ಗಾಯದ ಹೆಸರು ಬ್ಯಾಂಕಾರ್ಟ್ ಗಾಯ.

ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ನಡೆದಿತ್ತು. ಕಾರಣ ಏನೇ ಇರಲಿ, ಮುಂದಿನ ಸ್ನಾಯುವನ್ನೇ ಮಡಿಸಿ ಬಿಗಿಯಾಗಿ ಹೊಲಿದರೆ ಕೈ ಹೊರಕ್ಕೆ ತಿರುಗುವುದೇ ಇಲ್ಲ, ಮತ್ತೆ ಜಾರುವ ಮಾತೆಲ್ಲಿ? ಬೊಲೊನ್ಯದ ಪುಟ್ಟಿ, ಮ್ಯಾಂಚೆಸ್ಟರಿನ ಪ್ಲಾಟ್ ಬೇರೆಬೇರೆಯಾಗಿ ಇದನ್ನು ಮಾಡುತ್ತಿದ್ದರು. ತಮಾಷೆ ಅಂದರೆ ಇಬ್ಬರೂ ಇದನ್ನು ಬರೆದಿಡಲಿಲ್ಲ. 1948ರಲ್ಲಿ ಆಸ್ಮಂಡ್-ಕ್ಲಾರ್ಕ್ ಎಂಬವರು ಇಬ್ಬರ ಹೆಸರಿಟ್ಟು ಬರೆದರು. ಪುಟ್ಟಿ-ಪ್ಲಾಟ್ ದಶಕಗಳ ಕಾಲ ಜನಪ್ರಿಯವಾಗಿತ್ತು. ಭುಜ ಜಾರುವುದೇನೋ ನಿಂತಿತು, ಆದರೆ ಕೈ ಹೊರಕ್ಕೆ ತಿರುಗುವುದೂ ನಿಂತಿತು. ಅತಿ ಬಿಗಿ ಮಾಡಿದ ಭುಜಗಳಲ್ಲಿ ವರ್ಷಗಳ ನಂತರ ಕೀಲು ಸವೆದು ಸಂಧಿವಾತ ಕಾಣಿಸಿಕೊಂಡ ವರದಿಗಳು 1990ರ ಹೊತ್ತಿಗೆ ಬಂದವು. ಬಾಗಿಲು ಭದ್ರವಾಯಿತು, ಆದರೆ ತೆರೆಯಲೇ ಬಾರದು ಅನ್ನುವ ಹಾಗೆ.

ಮೂರನೇ ದಾರಿ ಮೂಳೆಯದು. ಹೆಗಲ ಮೂಳೆಯ ಮುಂದೆ ಕೊಂಕಿದ ಒಂದು ಚಾಚು ಇದೆ. ಕೊರಕಾಯ್ಡ್ ಎಂಬ ಅದರ ಹೆಸರು ಗ್ರೀಕಿನ ಕಾಗೆಯಿಂದ ಬಂದದ್ದು, ನೋಡಲು ಕಾಗೆಕೊಕ್ಕಿನ ಹಾಗೇ ಇದೆ. 1954ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಮಿಶೆಲ್ ಲಟಾರ್ಜೆ, ಈ ಕೊಕ್ಕನ್ನು ಅಂಟಿಕೊಂಡಿರುವ ಸ್ನಾಯುಗಳ ಸಮೇತ ಕತ್ತರಿಸಿ, ಬಟ್ಟಲಿನ ಮುಂದಿನ ಅಂಚಿಗೆ ಸ್ಕ್ರೂ ಹಾಕಿ ಕೂರಿಸಿದರು. ಸಾಸರಿನ ಅಂಚು ಅಗಲವಾಯಿತು, ಕೈ ಎತ್ತಿದಾಗ ಆ ಸ್ನಾಯುಗಳೇ ಜೋಳಿಗೆಯಂತೆ ಮೂಳೆಯನ್ನು ತಡೆದವು. 1958ರಲ್ಲಿ ದಕ್ಷಿಣ ಆಫ್ರಿಕಾದ ಹೆಲ್ಫೆಟ್ ಇದೇ ಬಗೆಯ ಇನ್ನೊಂದು ವಿಧಾನವನ್ನು ತಮ್ಮ ಗುರು ಬ್ರಿಸ್ಟೋ ಹೆಸರಿನಲ್ಲಿ ಪ್ರಕಟಿಸಿದರು. ಆದರೆ ಇದು ಸಣ್ಣ ಕೆಲಸವಲ್ಲ. ಪಕ್ಕದಲ್ಲೇ ನರಗಳು ಹಾದುಹೋಗುತ್ತವೆ, ಕೂರಿಸಿದ ಮೂಳೆ ಕೂಡಿಕೊಳ್ಳದೇ ಹೋಗಬಹುದು, ಸ್ಕ್ರೂ ತೊಂದರೆ ಕೊಡಬಹುದು.

ಇಷ್ಟೆಲ್ಲ ನಾನ್ಯಾಕೆ ಓದಿದೆ ಅಂತೀರಾ? ನನ್ನ ಬಲಭುಜ ನಾಲ್ಕು ವರ್ಷದಲ್ಲಿ ಮೂರು ಸಲ ಜಾರಿದೆ. ಮೊದಲ ಸಲ ವಾಲಿಬಾಲ್ ಆಡುವಾಗ. ಮೂರನೇ ಸಲ ಬಸ್ಸಿನಲ್ಲಿ ಮೇಲಿನಿಂದ ಬ್ಯಾಗ್ ಇಳಿಸುವಾಗ, ಅಷ್ಟೇ. ಈಗ ರಾತ್ರಿ ಮಗ್ಗುಲು ಬದಲಿಸುವಾಗಲೂ ಒಂದು ಅಳುಕು. ಇಬ್ಬರು ವೈದ್ಯರನ್ನು ಕಂಡೆ. ಒಬ್ಬರು ಸಣ್ಣ ರಂಧ್ರದಿಂದ ಹೊಲಿಗೆ ಸಾಕು ಅಂದರು, ಇನ್ನೊಬ್ಬರು ಕಾಗೆಕೊಕ್ಕಿನ ಆಪರೇಷನ್ನೇ ಒಳ್ಳೆಯದು ಅಂದರು. ಇಬ್ಬರೂ ಅನುಭವಿಗಳೇ. ಒಂದೇ ಭುಜಕ್ಕೆ ಎರಡು ಉತ್ತರ ಯಾಕೆ ಅನ್ನುವುದು ನನಗೆ ಚರಿತ್ರೆ ಓದಿದ ಮೇಲೆಯೇ ಅರ್ಥವಾದದ್ದು.

ರಂಧ್ರದ ಕಥೆ ಶುರುವಾದದ್ದು ಜಪಾನಿನಲ್ಲಿ. 1918ರಲ್ಲಿ ಟೋಕಿಯೋದ ಟಕಾಗಿ, ಮೂತ್ರಕೋಶ ನೋಡುವ ನಳಿಗೆಯಿಂದ ಶವದ ಮೊಣಕಾಲಿನ ಒಳಗೆ ಇಣುಕಿದರು. ಭುಜದೊಳಗೆ ನಳಿಗೆ ಇಳಿಸಿ ರಿಪೇರಿ ಮಾಡುವ ಕೆಲಸ 1980ರ ದಶಕದ್ದು. ಮೊದಲು ಅಮೆರಿಕದ ಲ್ಯಾನಿ ಜಾನ್ಸನ್ ಲೋಹದ ಸ್ಟೇಪಲ್ ಹೊಡೆದರು. 1990ರ ದಶಕದಲ್ಲಿ ದಾರ ಕಟ್ಟಿದ ಪುಟ್ಟ ಆಂಕರುಗಳು ಬಂದವು. ಅದೇ ಬ್ಯಾಂಕಾರ್ಟ್ ಹೊಲಿಗೆ, ಗಾಯ ಮಾತ್ರ ಚಿಕ್ಕದು. ಆದರೆ ಹಲವರಲ್ಲಿ ಭುಜ ಮತ್ತೆ ಜಾರುತ್ತಿತ್ತು. ಯಾಕೆ?

2000ದಲ್ಲಿ ಬರ್ಕ್‌ಹಾರ್ಟ್ ಮತ್ತು ಡಿ ಬೀರ್, ತಾವು ಹೀಗೆ ಹೊಲಿದ 194 ಭುಜಗಳ ಲೆಕ್ಕ ಕೊಟ್ಟರು. ಮೂಳೆ ಹೆಚ್ಚು ಸವೆಯದವರಲ್ಲಿ ಮತ್ತೆ ಜಾರಿದ್ದು ಶೇ. 4. ಮೂಳೆ ಗಣನೀಯವಾಗಿ ಹಾಳಾದವರಲ್ಲಿ ಶೇ. 67! ಪ್ರತಿ ಸಲ ಜಾರಿದಾಗಲೂ ಬಟ್ಟಲಿನ ಅಂಚು ಸವೆದು, ಅದು ತಲೆಕೆಳಗಾದ ಮರಸೇಬಿನ ಹಣ್ಣಿನ ಆಕಾರಕ್ಕೆ ಬಂದಿರುತ್ತಿತ್ತು. ಜೊತೆಗೆ ತೋಳಿನ ಮೂಳೆಯ ಹಿಂಬದಿಯಲ್ಲಿ ಗುಳಿ. ಈ ಗುಳಿಯನ್ನು 1940ರಲ್ಲೇ ಹಿಲ್ ಮತ್ತು ಸ್ಯಾಕ್ಸ್ ಎಂಬ ರೇಡಿಯಾಲಜಿಸ್ಟರು ಎಕ್ಸ್-ರೇಯಲ್ಲಿ ತೋರಿಸಿದ್ದರು, ಅದಕ್ಕೂ 50 ವರ್ಷ ಮೊದಲು ಫ್ರೆಂಚರು ಕಂಡಿದ್ದರು. ಲೇಬ್ರಮ್ ಒಂದೇ ಮೂಲ ಕಾರಣ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, ಕಣ್ಣೆದುರಿನ ಮೂಳೆಗೆ ಅದರ ಬೆಲೆ ಸಿಗಲು ಇಷ್ಟು ಕಾಲ ಹಿಡಿಯಿತು. 2014ರ ಹೊತ್ತಿಗೆ, ಆ ಗುಳಿ ಬಟ್ಟಲಿನ ಅಂಚಿಗೆ ಸಿಕ್ಕಿಕೊಳ್ಳುತ್ತದೋ ಇಲ್ಲವೋ ಅಂತ ಅಳತೆ ಮಾಡಿ ಹೇಳುವ ವಿಧಾನವೂ ಬಂತು. ಅಂದರೆ ನನ್ನ ಇಬ್ಬರು ವೈದ್ಯರ ನಡುವಿನ ಜಗಳ ತೀರಿಸಬೇಕಾದ್ದು ಅವರ ಅಭ್ಯಾಸವಲ್ಲ, ಸಿ.ಟಿ. ಸ್ಕ್ಯಾನಿನಲ್ಲಿ ಕಾಣುವ ಮೂಳೆಯ ಅಳತೆ.

ಆಪರೇಷನ್ ಎಲ್ಲರಿಗೂ ಬೇಕೇ? ಸ್ವೀಡನ್ನಿನ ಹೊವೆಲಿಯಸ್ ಮತ್ತು ಸಂಗಡಿಗರು 1978-79ರಲ್ಲಿ ಮೊದಲ ಸಲ ಭುಜ ಜಾರಿದವರನ್ನು 25 ವರ್ಷ ಹಿಂಬಾಲಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶ: 25 ವರ್ಷದೊಳಗಿನವರಲ್ಲೂ ಸುಮಾರು ಅರ್ಧದಷ್ಟು ಭುಜಗಳು ಮತ್ತೆ ಜಾರಲಿಲ್ಲ, ಅಥವಾ ಕಾಲಕ್ರಮೇಣ ತಾವೇ ಸ್ಥಿರವಾದವು. ಮೊದಲಿಗೆ ಕೈಯನ್ನು ಮೂರು ನಾಲ್ಕು ವಾರ ಕಟ್ಟಿದರೂ ಬೇಗ ಬಿಟ್ಟರೂ ವ್ಯತ್ಯಾಸವಾಗಲಿಲ್ಲ. ಜಪಾನಿನ ಇಟೋಯಿ, ಕೈಯನ್ನು ಒಳಕ್ಕೆ ಬದಲು ಹೊರಕ್ಕೆ ತಿರುಗಿಸಿ ಕಟ್ಟಿದರೆ ಒಳ್ಳೆಯದು ಅಂದರು. ಆಮೇಲಿನ ಪರೀಕ್ಷೆಗಳಲ್ಲಿ ಫಲ ಮಿಶ್ರವಾಗಿ ಬಂತು.

ಇನ್ನು ವ್ಯಾಯಾಮ. ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್ 1934ರಲ್ಲಿ ಭುಜದ ಬಗ್ಗೆಯೇ ದೊಡ್ಡ ಪುಸ್ತಕ ಬರೆದವರು. ಮುಂದಕ್ಕೆ ಬಾಗಿ ಕೈಯನ್ನು ಗಡಿಯಾರದ ಲೋಲಕದಂತೆ ತೂಗಿಬಿಡುವ ವ್ಯಾಯಾಮ ಇವತ್ತಿಗೂ ಅವರ ಹೆಸರಿನಲ್ಲಿದೆ. ಆಸ್ಪತ್ರೆಗಳು ಪ್ರತಿ ರೋಗಿಯ ಅಂತಿಮ ಫಲಿತಾಂಶವನ್ನು ಹಿಂಬಾಲಿಸಿ ಪ್ರಕಟಿಸಬೇಕು ಅಂತ ಹಠ ಹಿಡಿದವರೂ ಅವರೇ. ಆ ಹಠ ಈ ಕಥೆಗೆ ಎಷ್ಟು ಮುಖ್ಯ ಅಂತ ನಿಮಗೀಗ ಗೊತ್ತಾಗಿರುತ್ತದೆ. 1992ರಲ್ಲಿ ಬರ್ಕ್‌ಹೆಡ್ ಮತ್ತು ರಾಕ್‌ವುಡ್ ಬರೀ ವ್ಯಾಯಾಮದ ಲೆಕ್ಕ ಕೊಟ್ಟರು. ಪೆಟ್ಟಿಲ್ಲದೆ ಸಹಜವಾಗಿ ಸಡಿಲವಿದ್ದ ಭುಜಗಳಲ್ಲಿ ಶೇ. 80ಕ್ಕೆ ಒಳ್ಳೆಯ ಫಲ, ಪೆಟ್ಟು ಬಿದ್ದು ಸಡಿಲವಾದವುಗಳಲ್ಲಿ ಬರೀ ಶೇ. 16. ಕಿತ್ತದ್ದನ್ನು ಸ್ನಾಯು ಹೊಲಿಯಲಾರದು.

ಹಾಗಂತ ಆಪರೇಷನ್ ಆದ ಮೇಲೆ ವ್ಯಾಯಾಮ ಬಿಟ್ಟರೆ ಆಯಿತೇ? ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಜೋಲಿಯಲ್ಲಿ ಕೈ, ಆಗಲೂ ಬೆರಳು, ಮಣಿಕಟ್ಟು, ಮೊಣಕೈ ಆಡಿಸುತ್ತಿರಬೇಕು. ಆಮೇಲೆ ನಿಧಾನವಾಗಿ ಭುಜದ ಚಲನೆ, ಸುಮಾರು ಮೂರು ತಿಂಗಳ ಹೊತ್ತಿಗೆ ರಬ್ಬರ್ ಪಟ್ಟಿ ಎಳೆದು ಬಲ ತರುವುದು, ಮೈಗೆ ಮೈ ತಾಗುವ ಆಟಗಳಿಗೆ ಆರು ತಿಂಗಳ ಆಸುಪಾಸು. ಬೇಗ ಎಳೆದರೆ ಹೊಲಿಗೆ ಕೀಳುತ್ತದೆ, ತಡ ಮಾಡಿದರೆ ಭುಜ ಬಿಗಿದುಕೊಳ್ಳುತ್ತದೆ. ಹಿಪೊಕ್ರೇಟಿಸನ ಕಾಲದಲ್ಲಿ ತೋಳನ್ನು ಪಕ್ಕೆಗೆ ಕಟ್ಟಿದ್ದು ಸರಿ, ಯಾವಾಗ ಬಿಚ್ಚಬೇಕು ಅನ್ನುವುದೇ ಆಮೇಲಿನವರು ಕಲಿತ ಪಾಠ.

ನಿಮ್ಮಲ್ಲಿ ಯಾರಿಗಾದರೂ ಭುಜ ಜಾರುವ ತೊಂದರೆ ಇದ್ದರೆ ವೈದ್ಯರನ್ನು ಮೂರು ಪ್ರಶ್ನೆ ಕೇಳಿ. ಮೂಳೆ ಎಷ್ಟು ಸವೆದಿದೆ? ಈ ಚಿಕಿತ್ಸೆಯಿಂದ ಎಷ್ಟು ಚಲನೆ ಕಳೆದುಕೊಳ್ಳುತ್ತೇನೆ? ಆಮೇಲಿನ ಆರು ತಿಂಗಳು ಯಾರು ನೋಡಿಕೊಳ್ಳುತ್ತಾರೆ? ಮೊದಲನೆಯದನ್ನು ಕೇಳಲು ಜಗತ್ತಿಗೆ ನೂರು ವರ್ಷ ಹಿಡಿಯಿತು. ನಾವು ಒಂದೇ ಭೇಟಿಯಲ್ಲಿ ಕೇಳಬಹುದು.