ಮುಂದಿನ ಗಾಲಿಯ ಶಕ್ತಿ ತೆಗೆದ ಜೀಪು

ಹಳೆಯ ಜೀಪೊಂದರ ಆರ್‌ಸಿ ಪುಸ್ತಕ ಓದಿದರೆ ಮಾಲೀಕರ ಹೆಸರುಗಳು ಸಿಗುತ್ತವೆ. ಅದರ ಬಾಳು ತಿಳಿಯಬೇಕಾದರೆ ಗೋಣಿಚೀಲ ಹಾಸಿ ಕೆಳಗೆ ಮಲಗಬೇಕು. ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ ನಾನು ನೋಡಿದ ಜೀಪು ವಿಲ್ಲಿಸ್ ಮಾದರಿಯದು, ಎತ್ತರದ ಬಾನೆಟ್ಟಿನ ಸಿಜೆ-3ಬಿ. ಹುಟ್ಟುವಾಗ ಅದು ನಾಲ್ಕೂ ಗಾಲಿಗೆ ಶಕ್ತಿ ಕೊಡುವ ವಾಹನ. ಈಗ ಅದರ ಮುಂದಿನ ಗಾಲಿಗಳ ನಡುವೆ ಕ್ರೌನ್ ಇಲ್ಲ, ಶಾಫ್ಟ್ ಇಲ್ಲ. ಎತ್ತಿನ ಬಂಡಿಯ ಅಚ್ಚಿನಂಥ ಒಂದು ಗಟ್ಟಿ ಕಬ್ಬಿಣದ ತೊಲೆ ಮಾತ್ರ ಇದೆ. ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಇನ್ನೂ ಕೂತಿದೆ, ಆದರೆ ಮುಂದಕ್ಕೆ ಶಾಫ್ಟ್ ಹೊರಡಬೇಕಾದ ಬಾಯಿಗೆ ತಗಡು ಬಡಿದು ಬೋಲ್ಟ್ ಹಾಕಿದ್ದಾರೆ. ಒಳಗೆ ಚಾಲಕನ ಕಾಲಿನ ಹತ್ತಿರ ಫೋರ್ ವೀಲ್ ಹಾಕುವ ಹಿಡಿಕೆ ಇದ್ದ ತೂತನ್ನು ಎಣ್ಣೆ ಡಬ್ಬಿಯ ತಗಡಿನಿಂದ ಮುಚ್ಚಲಾಗಿದೆ.

ಬೆಂಗಳೂರಿನಿಂದ ಅದನ್ನು ಕೊಳ್ಳಲು ಬಂದಿದ್ದವರು ಒಂದೇ ಮಾತು ಹೇಳಿ ಬೆಲೆ ಅರ್ಧಕ್ಕೆ ಇಳಿಸಿದರಂತೆ: 'ಇದು ಒರಿಜಿನಲ್ ಅಲ್ಲ.' ಕೊಂಡ ಮೇಲೆ ಮುಂದಿನ ಅಚ್ಚು ಕಿತ್ತು, ಹಳೆಯ ಹೌಸಿಂಗ್ ಹುಡುಕಿ ಹಾಕಿ, ಮತ್ತೆ ಫೋರ್ ವೀಲ್ ಮಾಡಿಸುವುದು ಅವರ ಯೋಜನೆ. ನನ್ನ ಸಂಶೋಧನೆ ಹೈದರಾಬಾದ್ ಕರ್ನಾಟಕದ ರಸ್ತೆ ಸಾರಿಗೆಯ ಕುರಿತದ್ದು. ಹಾಗಾಗಿ ಆ 'ಒರಿಜಿನಲ್' ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಈ ಭಾಗದ ಸಾರಿಗೆ ಚರಿತ್ರೆಗೆ ಆಧಾರವಾಗಿ ಉಳಿದಿರುವುದೇ ಆ ಅಚ್ಚು ಮತ್ತು ಆ ತಗಡು. ಅವನ್ನು ಕಿತ್ತರೆ ಉಳಿಯುವುದು ಅಮೆರಿಕದ ಒಂದು ಕಾರ್ಖಾನೆಯ ಚರಿತ್ರೆ.

ಆ ಕಾರ್ಖಾನೆಯ ಕತೆಯನ್ನು ಬೇಗ ಮುಗಿಸಬಹುದು. 1941ರಲ್ಲಿ ವಿಲ್ಲಿಸ್ ಕಂಪನಿ ಅಮೆರಿಕದ ಸೈನ್ಯಕ್ಕಾಗಿ ಎಂಬಿ ಎಂಬ ಜೀಪು ಮಾಡಿತು. ಫೋರ್ಡ್ ಮಾಡಿದವನ್ನೂ ಸೇರಿಸಿದರೆ ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷ ದಾಟಿದ್ದವು. ರಸ್ತೆ ಇಲ್ಲದ ಕಡೆ ಹೋಗುವುದೇ ಅದರ ಕೆಲಸ. ಯುದ್ಧದ ನಂತರ ಇಲ್ಲಿ ಉಳಿದವು ಡಿಸ್ಪೋಸಲ್ ಮಾಲಾಗಿ ಮಾರಾಟವಾದವು. ಅದೇ ಕಾಲದಲ್ಲಿ ಮಹೀಂದ್ರಾ ಕಂಪನಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. 1945ರಲ್ಲಿ ಲೂಧಿಯಾನಾದಲ್ಲಿ 'ಮಹೀಂದ್ರಾ ಅಂಡ್ ಮೊಹಮ್ಮದ್' ಎಂದು ಹುಟ್ಟಿದ ಕಂಪನಿ ಅದು; ಪಾಲುದಾರ ಗುಲಾಂ ಮೊಹಮ್ಮದ್ ದೇಶ ವಿಭಜನೆಯ ನಂತರ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದರು. ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣವೂ ಜೀಪಿನದೇ. 1948ರಲ್ಲಿ ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ. ಕೆ. ಕೃಷ್ಣ ಮೆನನ್ ಸೈನ್ಯಕ್ಕೆಂದು ಮಾಡಿದ ಸುಮಾರು 80 ಲಕ್ಷ ರೂಪಾಯಿಯ ಒಪ್ಪಂದದಲ್ಲಿ ಬಂದಿಳಿದದ್ದು 155 ಜೀಪು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಸೊಲ್ಲಾಪುರದ ಕಡೆಯಿಂದ ನಳದುರ್ಗದ ಮೂಲಕ ನಿಜಾಮನ ಸೀಮೆ ಹೊಕ್ಕಿತು. ಭೀಮಾ ನದಿಯ ಈ ದಂಡೆಯವರ ನೆನಪಿನಲ್ಲಿ ಜೀಪು ಅಂದರೆ ಮೊದಲು ಸರ್ಕಾರ.

ಮುಂದೆಯೂ ಬಹಳ ಕಾಲ ಅದು ಸರ್ಕಾರವೇ ಆಗಿತ್ತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಬ್ಲಾಕಿಗೊಬ್ಬ ಬಿಡಿಒ, ಬಿಡಿಒಗೊಂದು ಜೀಪು. ಪೊಲೀಸರಿಗೆ ಜೀಪು, ಮಲೇರಿಯಾ ನಿರ್ಮೂಲನದವರಿಗೆ ಜೀಪು, 1972-73ರ ಬರಗಾಲದಲ್ಲಿ ಕಾಮಗಾರಿ ನೋಡಲು ಬಂದವರಿಗೆ ಜೀಪು. ಎರೆಭೂಮಿಯಲ್ಲಿ ಮಳೆ ಬಿದ್ದಾಗ ನಾಲ್ಕೂ ಗಾಲಿ ತಿರುಗುವ ವಾಹನದ ಬೆಲೆ ಏನೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಒದ್ದೆ ಎರೆ ಗಾಲಿಗೆ ಸುತ್ತಿಕೊಂಡು ಗಾಲಿಯೇ ಮಣ್ಣಿನ ಮುದ್ದೆಯಾಗುತ್ತದೆ. ಆಮೇಲೆ ಅದು ಸುಮ್ಮನೆ ತಿರುಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ.

ಹಾಗಾದರೆ ಇಂಥ ಮಣ್ಣಿನಲ್ಲಿ ಫೋರ್ ವೀಲನ್ನು ಯಾಕೆ ಬಿಚ್ಚಿಸಿದರು? ಮಲೆನಾಡಿನಲ್ಲಿ ಯಾರೂ ಬಿಚ್ಚಿಸಲಿಲ್ಲ. ಮಡಿಕೇರಿ ಹತ್ತಿರದ ಮಾಂದಲಪಟ್ಟಿಗೆ ಇವತ್ತಿಗೂ ಜನ ಫೋರ್ ವೀಲ್ ಜೀಪಿನಲ್ಲೇ ಹೋಗುತ್ತಾರೆ. ನಮ್ಮ ಕಡೆ ಮಾತ್ರ ಬೇರೆ ದಾರಿ ಹಿಡಿಯಿತು.

ಉತ್ತರ ಸಿಕ್ಕಿದ್ದು ಅಫಜಲಪುರದ ಒಬ್ಬ ಹಿರಿಯ ಮಿಸ್ತ್ರಿಯಿಂದ. ಗ್ಯಾರೇಜು ಬಿಟ್ಟು ಹತ್ತು ವರ್ಷ ದಾಟಿದೆ. ಕೈಯ ಗೆರೆಗಳಲ್ಲಿ ಮಾತ್ರ ಗ್ರೀಸು ಹಾಗೇ ಇದೆ. 'ಕಾಕಾ, ಯಾಕ ಬಿಚ್ಚಸ್ತಿದ್ರು?' ಅಂದೆ.

'ಲೆಕ್ಕ ತಮ್ಮಾ, ಲೆಕ್ಕ,' ಅಂದರು. 'ಹರಾಜಿನ್ಯಾಗ ಜೀಪ್ ತರ್ತಿದ್ರು. ಪೆಟ್ರೋಲ್ ಕುಡಿದು ಕುಡಿದು ಮನಿ ಮುಳುಗಸ್ತಿತ್ತು. ಮುಂದಿನ ಶಾಫ್ಟ್ ಇಳಿಸಿದ್ರ ಅಷ್ಟು ಹಗೂರ ಆಗ್ತದ. ಆಮ್ಯಾಲ ಡೀಸೆಲ್ ಇಂಜಿನ್. ಆಮ್ಯಾಲ ಕ್ರೌನ್.'

ಈ ಮೂರು ಮಾತಿನಲ್ಲಿ ಇಡೀ ವಿದ್ಯೆ ಇದೆ, ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಜೀಪಿನಲ್ಲಿ ಫೋರ್ ವೀಲ್ ಹಾಕದಿದ್ದಾಗಲೂ ಮುಂದಿನ ಗಾಲಿಗಳು ತಮ್ಮ ಜೊತೆಗೆ ಒಳಗಿನ ಶಾಫ್ಟು, ಕ್ರೌನು, ಪ್ರೊಪೆಲರ್ ಶಾಫ್ಟುಗಳನ್ನೆಲ್ಲ ತಿರುಗಿಸುತ್ತಲೇ ಇರುತ್ತವೆ. ಗಾಲಿಯನ್ನು ಅವುಗಳಿಂದ ಬಿಡಿಸುವ ಹಬ್ಬುಗಳನ್ನು ಹಾಕಿಸಿಕೊಂಡವರು ಕಡಿಮೆ. ಕೆಲಸವಿಲ್ಲದ ಆ ಕಬ್ಬಿಣ ತಿರುಗಿಸಲು ಎಣ್ಣೆ ಖರ್ಚು. ಗಾಲಿ ಹೊರಳುವ ಗುಂಡನೆಯ ಕೀಲಿನೊಳಗೆ ಎರೆಯ ಧೂಳು ಸೇರಿ ಸೀಲು ತಿಂದು ಎಣ್ಣೆ ಸೋರುವುದು ಇನ್ನೊಂದು ಖರ್ಚು. ಆದರೆ ನಿಜವಾದ ಲೆಕ್ಕ ಕ್ರೌನಿನದು. ಸಿಜೆ-3ಬಿಯ ಹಿಂದಿನ ಅಚ್ಚಿನ ಅನುಪಾತ 5.38. ಅಂದರೆ ಟಾಪ್ ಗೇರಿನಲ್ಲೂ ಗಾಲಿ ಒಂದು ಸುತ್ತು ತಿರುಗಲು ಇಂಜಿನ್ ಐದೂಕಾಲಕ್ಕಿಂತ ಹೆಚ್ಚು ಸುತ್ತು ತಿರುಗಬೇಕು. ದಿನ್ನೆ ಹತ್ತಲು ಇದು ಒಳ್ಳೆಯದು. ಡಾಂಬರು ರಸ್ತೆಯಲ್ಲಿ ಇಂಜಿನ್ ಕಿರುಚುತ್ತದೆ, ನಿಧಾನವಾಗಿ ತಿರುಗುವ ಡೀಸೆಲ್ ಇಂಜಿನ್ ಕೂರಿಸಿದರಂತೂ ಗಾಡಿ ಓಡುವುದೇ ಇಲ್ಲ. ಹಾಗಾಗಿ ಕ್ರೌನ್ ಬದಲಿಸಿ ಅನುಪಾತ ಇಳಿಸಬೇಕು. ಫೋರ್ ವೀಲಿನಲ್ಲಿ ಮುಂದಿನದೂ ಹಿಂದಿನದೂ ಒಂದೇ ಅನುಪಾತದಲ್ಲಿರಬೇಕು, ಇಲ್ಲದಿದ್ದರೆ ಎರಡೂ ಜಗ್ಗಾಡಿ ಮುರಿಯುತ್ತವೆ. ಮುಂದಿನದನ್ನು ಬಿಚ್ಚಿ ಎಸೆದರೆ ಹಿಂದಿನದೊಂದನ್ನೇ ಬದಲಿಸಿದರೆ ಸಾಕು. ಅರ್ಧ ಖರ್ಚಿನಲ್ಲಿ ಹೊಲದ ಜೀಪು ರಸ್ತೆಯ ಜೀಪಾಗುತ್ತದೆ.

ಮತ್ತೆ ಟ್ರಾನ್ಸ್‌ಫರ್ ಕೇಸನ್ನೇಕೆ ಬಿಟ್ಟರು? ವಿಲ್ಲಿಸಿನಲ್ಲಿ ಹಿಂದಿನ ಕ್ರೌನ್ ಅಚ್ಚಿನ ಮಧ್ಯದಲ್ಲಿಲ್ಲ, ಒಂದು ಬದಿಗೆ ಸರಿದಿದೆ. ಗೇರ್‌ಬಾಕ್ಸಿನ ಶಕ್ತಿಯನ್ನು ಆ ಬದಿಗೆ ದಾಟಿಸುವುದೇ ಟ್ರಾನ್ಸ್‌ಫರ್ ಕೇಸು. ಅದನ್ನು ತೆಗೆದರೆ ಹಿಂದಿನ ಅಚ್ಚನ್ನೂ ಬದಲಿಸಬೇಕು. ದುಡ್ಡಿದ್ದವರು ಬದಲಿಸಿದರು. ಹವಳಗಾದ ಜೀಪಿನ ಮಾಲೀಕರಿಗೆ ಅಷ್ಟು ದುಡ್ಡಿರಲಿಲ್ಲ. ಮುಚ್ಚಿದ ಬಾಯಿಯ ಆ ತಗಡನ್ನು ನಾನು ಒಂದು ಮನೆತನದ ಆ ವರ್ಷದ ಜಮಾಖರ್ಚು ಎಂದೇ ಓದುತ್ತೇನೆ.

ಇನ್ನು ಇಳಿಸಿದ ಕತೆ. ಮುಂದಿನ ಹೌಸಿಂಗಿನ ಭಾರ ಹೋದ ಮೇಲೆ ಜೀಪಿನ ಮೂತಿ ಮೇಲೇಳುತ್ತದೆ, ಕುಲುಕಾಟ ಹೆಚ್ಚುತ್ತದೆ. ಅದಕ್ಕೆ ಮುಂದೆ ಎರಡು ಪಾಟಾ ತೆಗೆಯುತ್ತಿದ್ದರು (ಪಾಟಾ ಎಂದರೆ ಸ್ಪ್ರಿಂಗಿನ ಪಟ್ಟಿ), ಜನ ಕೂರುವ ಹಿಂದೆ ಎರಡು ಹೆಚ್ಚಿಗೆ ಕೂಡಿಸುತ್ತಿದ್ದರು. ಹಿಂದೆ ಉದ್ದ ಮೆಟ್ಟಿಲೊಂದನ್ನು ನೆಲಕ್ಕೆ ಹತ್ತಿರವಾಗುವಂತೆ ಬೆಸುಗೆ ಹಾಕುತ್ತಿದ್ದರು. ಪಂಜಾಬ್, ಹರಿಯಾಣಾ ಕಡೆಯ ಲಂಡಿ ಜೀಪುಗಳ ಚಿತ್ರವನ್ನು ಕಾಕಾನಿಗೆ ಮೊಬೈಲಿನಲ್ಲಿ ತೋರಿಸಿದೆ. ಮಂಡಿ ಡಬ್ವಾಲಿ ಎಂಬ ಊರು ಇಂಥ ಜೀಪುಗಳಿಗೇ ಹೆಸರುವಾಸಿ. ಅಗಲ ಟೈರು, ನೆಲಕ್ಕೆ ಬಾಗಿದ ಮೈ, ಹಲವಕ್ಕೆ ಹಿಂದಿನ ಗಾಲಿಗಷ್ಟೇ ಶಕ್ತಿ. ಕಾಕಾ ನಕ್ಕರು. 'ಅವರು ಶೋಕಿಗಿ ಇಳಸ್ತಾರ. ನಾವು ಮುದುಕ್ಯಾರು ಹತ್ತಲಿ ಅಂತ ಇಳಸ್ತಿದ್ವಿ.'

ಮುದುಕಿಯರು ಎಲ್ಲಿಗೆ ಹೋಗುತ್ತಿದ್ದರು ಎಂಬುದನ್ನು ಈ ಸೀಮೆಯ ಓದುಗರು ಊಹಿಸಬಲ್ಲರು. ಅಮಾವಾಸ್ಯೆಗೆ ಘತ್ತರಗಿ ಭಾಗ್ಯವಂತಿ, ಹುಣ್ಣಿಮೆಗೆ ಗಾಣಗಾಪುರದ ದತ್ತ, ಆಳಂದದ ಲಾಡ್ಲೆ ಮಶಾಕರ ದರ್ಗಾ, ವಾರದ ಸಂತೆ, ತಾಲ್ಲೂಕಿನ ದವಾಖಾನೆ. ಗಾಣಗಾಪುರ ರೋಡ್ ಎಂಬ ರೈಲು ನಿಲ್ದಾಣದಿಂದ ದೇವಸ್ಥಾನ ಬಹಳ ದೂರ. ರೈಲು ಇಳಿದವರನ್ನು ಕಾಯುತ್ತ ನಿಲ್ಲುತ್ತಿದ್ದ ಜೀಪುಗಳ ಸಾಲು ನನಗೂ ನೆನಪಿದೆ. ಆಮೇಲೆ ಕಂಪನಿಯೇ ಜನರ ಮನಸ್ಸು ಅರಿತು ಕಮಾಂಡರ್ ಜೀಪನ್ನು ಎರಡು ಗಾಲಿಯ ಶಕ್ತಿಯದಾಗಿಯೂ ಮಾರಿತು, ಟೆಂಪೋದವರ ಟ್ರ್ಯಾಕ್ಸ್ ಬಂತು. ಮಿಸ್ತ್ರಿಗಳು ಹರಾಜಿನ ಜೀಪಿಗೆ ಮಾಡುತ್ತಿದ್ದ ಕೆಲಸ ಕಾರ್ಖಾನೆಯಲ್ಲೇ ಆಗಿ ಬರತೊಡಗಿತು.

ಇದು ನಮ್ಮಲ್ಲಷ್ಟೇ ನಡೆದದ್ದಲ್ಲ. ಫಿಲಿಪೀನ್ಸಿನಲ್ಲಿ ಅಮೆರಿಕದ ಸೈನ್ಯ ಬಿಟ್ಟುಹೋದ ಜೀಪುಗಳನ್ನು ಹಿಂದಕ್ಕೆ ಉದ್ದ ಮಾಡಿ, ಎದುರುಬದುರು ಬೆಂಚು ಹಾಕಿ ಜೀಪ್ನಿ ಮಾಡಿದರು; ಮುಂದೆ ಅದೇ ಆ ದೇಶದ ಬಸ್ಸಾಯಿತು. ಸ್ವತಃ ವಿಲ್ಲಿಸ್ ಕಂಪನಿಯೂ 1948ರಲ್ಲಿ ಜೀಪ್‌ಸ್ಟರ್ ಎಂಬ ತಗ್ಗಾದ, ಹಿಂದಿನ ಗಾಲಿಯ ಶಕ್ತಿಯಷ್ಟೇ ಇದ್ದ ಗಾಡಿ ಮಾಡಿತ್ತು. 1955ರಲ್ಲಿ ಮುಂದೆ ಬರಿಯ ಅಚ್ಚು ಕೂರಿಸಿದ ಡಿಜೆ-3ಎ ಬಂತು. ಹುಟ್ಟಿಸಿದವರೇ ಹೀಗೆ ಮಾಡಿದ್ದಾರೆ. ಆಮೇಲೆ ಅಫಜಲಪುರದ ಮಿಸ್ತ್ರಿ ಮಾಡಿದ್ದು ಒರಿಜಿನಲ್ ಕೆಡಿಸಿದಂತೆ ಹೇಗಾಗುತ್ತದೆ?

ಆದರೆ ಈ ಕತೆಯನ್ನು ಬರಿಯ ಜಾಣತನದ ಕತೆಯಾಗಿ ಹೇಳಲು ನನಗೆ ಮನಸ್ಸಿಲ್ಲ. ನಮ್ಮ ಕಡೆ ಮಿಸ್ತ್ರಿಗಳನ್ನು ಹೊಗಳಿ ಬರೆದು ಕೈ ತೊಳೆದುಕೊಳ್ಳುವ ರೂಢಿ ಹೆಚ್ಚಾಗಿದೆ. ಮುಂದಿನ ಶಾಫ್ಟ್ ಇಳಿಸಿದ ದಿನ ಜೀಪು ಒಂದು ಆಯ್ಕೆ ಮಾಡಿತು. ಡಾಂಬರು ಇದ್ದ ಊರುಗಳನ್ನು ಹಿಡಿಯಿತು, ಇಲ್ಲದ ಊರುಗಳನ್ನು ಬಿಟ್ಟಿತು. ಬೇಸಿಗೆಯಲ್ಲಿ ಎಲ್ಲ ಕಡೆ ಹೋಗುತ್ತಿತ್ತು, ನಿಜ. ಮೃಗಶಿರಾ ಮಳೆ ಬಿದ್ದ ಮೇಲೆ ಸಡಕಿನಿಂದ ಒಳಗಿದ್ದ ಹಳ್ಳಿಗಳಿಗೂ ತಾಂಡಾಗಳಿಗೂ ಅದು ಬರುತ್ತಿರಲಿಲ್ಲ. ಅಲ್ಲಿಯವರು ಚಪ್ಪಲಿ ಕೈಯಲ್ಲಿ ಹಿಡಿದು ಫಾಟಾದವರೆಗೆ ನಡೆದು ಬಂದು ಕಾಯಬೇಕಿತ್ತು. ನಡೆಯಲಾಗದ ರೋಗಿಯನ್ನು ಬಂಡಿಯಲ್ಲಿ ತರಬೇಕಿತ್ತು. ನಾಲ್ಕು ಗಾಲಿಯ ಜೀಪು ಆ ಹಳ್ಳಿಗಳಿಗೆ ಹೋಗಬಲ್ಲದಾಗಿತ್ತು, ಆದರೆ ಅದು ಸಾಹೇಬರ ಕೈಯಲ್ಲಿತ್ತು. ಜನರ ಕೈಗೆ ಬರುವಾಗ ಆ ಬಲವನ್ನು ಕಳಚಿ ಬಂತು. ಬಾಡಿಗೆ ಕೊಡುವವರ ಸಂಖ್ಯೆ, ಡೀಸೆಲ್ಲಿನ ದರ, ಸಾಲದ ಕಂತು ಇವು ಆ ಗಡಿ ಗೀಚಿದವು. ಯಾವ ಊರಿನ ಜೀಪುಗಳ ಫೋರ್ ವೀಲ್ ಯಾವ ವರ್ಷ ಇಳಿಯಿತು ಎಂದು ಕಲೆಹಾಕಿದರೆ ಡಾಂಬರು ರಸ್ತೆ ಎಲ್ಲಿಗೆ ನಿಂತಿತ್ತು ಎಂಬ ನಕಾಶೆ ಸಿಗುತ್ತದೆ. ನನ್ನ ಪ್ರಬಂಧದ ಒಂದು ಅಧ್ಯಾಯಕ್ಕೆ ನಾನು ಮಾಡುತ್ತಿರುವುದು ಅದನ್ನೇ. ಇಲಾಖೆಯ ಕಡತಗಳು ಮಂಜೂರಾದ ರಸ್ತೆಗಳನ್ನು ಹೇಳುತ್ತವೆ. ಮಳೆಗಾಲದಲ್ಲಿ ನಿಜವಾಗಿ ಗಾಡಿ ಓಡಿದ ರಸ್ತೆ ಯಾವುದೆಂದು ಜೀಪಿನ ಹೊಟ್ಟೆ ಹೇಳುತ್ತದೆ.

2000ದ ಡಿಸೆಂಬರಿನಲ್ಲಿ ಶುರುವಾದ ಗ್ರಾಮ ಸಡಕ್ ಯೋಜನೆಯ ರಸ್ತೆಗಳು ಒಳಗಿನ ಹಳ್ಳಿಗಳನ್ನು ಮುಟ್ಟುತ್ತ ಹೋದವು. ರಸ್ತೆ ಬಂದ ಹೊತ್ತಿಗೆ ಜೀಪಿನ ಕಾಲ ಇಳಿಯುತ್ತಿತ್ತು, ಟಂಟಂ ಬಂದಿತ್ತು. ಇತ್ತ ಕಾನೂನೂ ಬಿಗಿಯಾಯಿತು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಬದಲಾವಣೆ ಮಾಡುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ; ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನು ಎತ್ತಿಹಿಡಿಯಿತು. ಹದಿನಾಲ್ಕು ಜನರನ್ನು ತುಂಬಿದ ಜೀಪು ಮಗುಚಿದ ಸುದ್ದಿಗಳನ್ನು ಓದಿ ಬೆಳೆದ ನಾನು ಈ ಕಾನೂನು ಬೇಡವೆನ್ನಲಾರೆ. 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಗಿ, ಅವು ನೇರವಾಗಿ ಗುಜರಿ ಕೇಂದ್ರಕ್ಕೆ ಹೋಗಬೇಕು. ಕಚೇರಿಯ ಅಂಗಳದ ಹರಾಜಿನಿಂದ ಮಿಸ್ತ್ರಿಯ ಅಂಗಳಕ್ಕೆ ಜೀಪು ಬರುತ್ತಿದ್ದ ದಾರಿ ಅಲ್ಲಿಗೆ ಮುಚ್ಚಿತು. ಉಳಿದಿರುವವು ಹಿಂದೆ ಬಂದವು ಮಾತ್ರ, ಅವನ್ನೀಗ ಕೊಳ್ಳುವವರು ಮತ್ತೆ ಫೋರ್ ವೀಲ್ ಮಾಡಿಸುತ್ತಿದ್ದಾರೆ.

ಹವಳಗಾದ ಹಿರಿಯರು ಜೀಪು ಮಾರುವುದೋ ಬಿಡುವುದೋ ಇನ್ನೂ ತೀರ್ಮಾನಿಸಿಲ್ಲ. ಮಗನಿಗೆ ಆ ಜಾಗದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಬೇಕಾಗಿದೆ. ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಹಂಗಾಮು ಹತ್ತಿರ ಬಂದಿದೆ. ಮಾರಬೇಡಿ ಎಂದು ಹೇಳುವ ಹಕ್ಕು ನನಗಿಲ್ಲ. ಬಿಚ್ಚುವ ಮೊದಲು ಎರಡು ದಿನ ಕೊಡಿ, ಅಳತೆ ತೆಗೆದುಕೊಂಡು ಚಿತ್ರ ಬರೆದುಕೊಳ್ಳುತ್ತೇನೆ ಎಂದು ಕೇಳಿದ್ದೇನೆ. 'ಬರ್ಕೋ, ಅದಕ್ಕೇನದ,' ಅಂದಿದ್ದಾರೆ.

ಮುಂದಿನ ಹೌಸಿಂಗ್ ಏನಾಯಿತು ಎಂದು ಕಾಕಾನನ್ನು ಕೇಳಿದೆ. ಗುಜರಿಗೆ ಹಾಕಲಿಲ್ಲವಂತೆ. ಒಳಗಿನ ಕ್ರೌನ್ ತೆಗೆದು, ಬರಿ ಕೊಳವೆಯನ್ನು ಒಂದು ಸಣ್ಣ ಟ್ರೇಲರಿಗೆ ಅಚ್ಚಾಗಿ ಕೂರಿಸಿದರಂತೆ. ಆ ಟ್ರೇಲರು ಘತ್ತರಗಿ ಕಡೆ ಒಂದು ಹೊಲದಲ್ಲಿ ಇನ್ನೂ ತೊಗರಿ ಹೊರುತ್ತಿದೆ ಎಂದರು. ಹೊಲದ ಗುರುತು ಬರೆದುಕೊಂಡಿದ್ದೇನೆ, ರಾಶಿ ಮುಗಿಯುವುದರೊಳಗೆ ಹೋಗಬೇಕು.