ರೋಷನಾರಾದ ಫೀಲ್ಡ್ ಮಾರ್ಷಲ್

ಮುದ್ದುರಾಜ 1681ರಲ್ಲಿ ಕಟ್ಟಿದ ಊರು ಮಡಿಕೇರಿ. 2011ರ ಜನಗಣತಿಯಂತೆ ಇಲ್ಲಿ 33,381 ಜನ. ಕೋಟೆ, ಓಂಕಾರೇಶ್ವರ ಗುಡಿ, ರಾಜಾಸೀಟುಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ನಾನು ಬರೆಯಬೇಕೆಂದಿರುವುದು ರೋಷನಾರಾ ಎಂಬ ಮನೆಯ ಬಗ್ಗೆ, ಅಲ್ಲಿ ಬಾಳಿದ ಕೋಡಂದೇರ ಮಾದಪ್ಪ ಕಾರ್ಯಪ್ಪನವರ ಬಗ್ಗೆ.

ಶನಿವಾರಸಂತೆಯಲ್ಲಿ ಹುಟ್ಟಿ, ಮಡಿಕೇರಿಯಲ್ಲಿ ಓದಿದ ಹುಡುಗ ಅವರು. ಮನೆಮಂದಿಗೆ ‘ಚಿಮ್ಮ’. 1949ರ ಜನವರಿ 15ರಂದು ಭಾರತದ ಸೇನೆಗೆ ಮೊದಲ ಭಾರತೀಯ ಮಹಾದಂಡನಾಯಕರಾದರು. ಆ ದಿನವೇ ಇಂದಿಗೂ ಸೇನಾ ದಿನ. ಇಷ್ಟು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ 1953ರಲ್ಲಿ ನಿವೃತ್ತರಾಗಿ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಹೈಕಮಿಷನರ್ ಆಗಿದ್ದು, ಊರಿಗೆ ಮರಳಿದ ಮೇಲೆ ಅವರು ಬಾಳಿದ ಮೂರೂವರೆ ದಶಕಗಳು? ಅವನ್ನು ಕಣ್ಣಾರೆ ಕಂಡವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ನನ್ನ ಕಳವಳ ಅದೇ.

ಪಟ್ಟ ಬಿಟ್ಟ ಮೇಲೂ ಅವರು ಸಿಪಾಯಿಯ ಕೈ ಬಿಡಲಿಲ್ಲ. 1964ರಲ್ಲಿ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಕಟ್ಟಿದರು. ಕೊಡಗಿನಲ್ಲಿ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಪಿಂಚಣಿ ಕಾಗದ ಹಿಡಿದು ಕಚೇರಿ ಕಚೇರಿ ಅಲೆದ ಹವಾಲ್ದಾರ, ಗಂಡನನ್ನು ಯುದ್ಧಕ್ಕೆ ಕಳೆದುಕೊಂಡ ಹೆಂಗಸು ಇಲ್ಲಿ ಪ್ರತಿ ಊರಿನಲ್ಲೂ ಇದ್ದಾರೆ. ಅವರ ಪರವಾಗಿ ದಿಲ್ಲಿಯವರೆಗೆ ಕೇಳಿಸುವ ದನಿಯೊಂದು ಬೇಕಿತ್ತು.

ರೋಷನಾರಾ ಮನೆಗೆ ಸೇರಿದ ಒಂದು ಕತೆಯನ್ನು ಮಾತ್ರ ಎಲ್ಲರೂ ಹೇಳುತ್ತಾರೆ, ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ. 1965ರ ಯುದ್ಧದ ಕೊನೆಯ ದಿನಗಳು. ಮಗ ನಂದಾ ಹಾರಿಸುತ್ತಿದ್ದ ಹಂಟರ್ ವಿಮಾನವನ್ನು ಪಾಕಿಸ್ತಾನ ಹೊಡೆದುರುಳಿಸಿತು, ಮಗ ಸೆರೆಯಾದ. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಒಂದು ಕಾಲಕ್ಕೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಬೇಕಾದರೆ ಮಗನನ್ನು ಬಿಡುತ್ತೇವೆಂದು ಹೇಳಿ ಕಳಿಸಿದರು. ಫೋನು ಬಂತೆಂದು ಕೆಲವರು, ರಾಯಭಾರಿಯ ಮೂಲಕ ಬಂತೆಂದು ಕೆಲವರು. ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂಬರ್ಥದ ಉತ್ತರದ ಪದಗಳೂ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತವೆ. ಮಾತು ಹೇಗೇ ಇರಲಿ, ನಡೆದದ್ದರಲ್ಲಿ ಗೊಂದಲವಿಲ್ಲ: ಮಗನಿಗಾಗಿ ಅಪ್ಪ ರಿಯಾಯಿತಿ ಕೇಳಲಿಲ್ಲ, ನಂದಾ ಬಿಡುಗಡೆಯಾದದ್ದು ನಾಲ್ಕು ತಿಂಗಳ ನಂತರ, 1966ರ ಜನವರಿಯಲ್ಲಿ. ಇದನ್ನು ಸಂಸಾರದ ಮೇಲಿನ ನಿರ್ಲಿಪ್ತತೆ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಮಕ್ಕಳಿಬ್ಬರೂ ಎಳೆಯರಿದ್ದಾಗಲೇ ಹೆಂಡತಿಯಿಂದ ದೂರವಾಗಿದ್ದ ತಂದೆ ಅವರು. ಆ ಮಕ್ಕಳೇ ಅವರ ಸಂಸಾರ. ನಂದಾ ಮುಂದೆ ಏರ್ ಮಾರ್ಷಲ್ ಆಗಿ ನಿವೃತ್ತರಾದರು, ಅಪ್ಪನ ಬದುಕನ್ನು ಪುಸ್ತಕವಾಗಿ ಬರೆದರು.

1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಬಂತು. 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ಮಡಿಕೇರಿಯಲ್ಲೇ ನಡೆಯಿತು. ಮಾಣಿಕ್‌ಷಾ ಬಂದರು, ಅರ್ಜನ್ ಸಿಂಗ್ ಬಂದರು.

ಊರಲ್ಲಿ ಅವರ ಪ್ರತಿಮೆಯಿದೆ, ಹೆಸರಿನ ಕಾಲೇಜಿದೆ. ಪ್ರತಿಮೆ ನಿಲ್ಲಿಸುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. 2023ರಲ್ಲಿ ಬಸ್ಸು ಗುದ್ದಿ ಉರುಳಿದ, ಇದೇ ಕೊಡಗಿನ ಜನರಲ್ ತಿಮ್ಮಯ್ಯನವರ ಪ್ರತಿಮೆಯನ್ನೂ ಮತ್ತೆ ನಿಲ್ಲಿಸಿದೆವು. ಮನೆಗಳ ವಿಷಯದಲ್ಲಿ ಮಾತ್ರ ನಮ್ಮದು ಆಮೆಯ ನಡಿಗೆ. ತಿಮ್ಮಯ್ಯನವರ ಮನೆ ಸನ್ನಿಸೈಡ್ ವರ್ಷಗಟ್ಟಲೆ ಆರ್‌ಟಿಒ ಕಚೇರಿಯಾಗಿತ್ತು. 2021ರ ಫೆಬ್ರವರಿಯಲ್ಲಷ್ಟೇ ಮ್ಯೂಸಿಯಂ ಆಯಿತು. ಅದು ನಮ್ಮ ಹೆಮ್ಮೆ, ತಡವಾದದ್ದು ನಮ್ಮ ನಾಚಿಕೆ.

ಕಾರ್ಯಪ್ಪನವರ ಜೊತೆ ಒಂದು ಮಾತಾಡಿದವರು, ಒಂದು ಕಾಗದ ಪಡೆದವರು ಇನ್ನೂ ಉಳಿದಿದ್ದರೆ ಈಗಲೇ ಹೇಳಲಿ, ಮನೆಯ ಹುಡುಗರು ಬರೆದಿಟ್ಟುಕೊಳ್ಳಲಿ. ಕೈಲ್‌ಪೊಳ್ದು ಹಬ್ಬಕ್ಕೆ ಮನೆತನದ ಐನ್‌ಮನೆಯಲ್ಲಿ ಕೋವಿಗೆ ಹೂ ಇಡುವಾಗ, ಅಟ್ಟದ ಪೆಟ್ಟಿಗೆಯನ್ನೂ ಒಮ್ಮೆ ತೆರೆದು ನೋಡಲಿ. ಅವರ ಸಹಿಯಿರುವ ಹಾಳೆ ಸಿಕ್ಕರೆ ಮೂಲ ಮನೆಯಲ್ಲೇ ಇರಲಿ, ನಕಲೊಂದು ಕಾಲೇಜಿನ ಗ್ರಂಥಾಲಯ ಸೇರಲಿ.